ಹೊಳೆ ಕಾಯುವ ಪಾಳಿ

2006ರ ಸೆಪ್ಟೆಂಬರ್ 18, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾಲ್ಕನೆಯ ತರಗತಿಯ ನಾಲ್ವರು ಹುಡುಗರು ವಿಜಯಲಕ್ಷ್ಮಿಯ ಕೈ ಇಬ್ಬರು, ಕಾಲು ಇಬ್ಬರು ಹಿಡಿದು, ಜೋಳದ ಚೀಲದಂತೆ ಹೊತ್ತುಕೊಂಡು ಶಾಲೆಯ ಗೇಟು ದಾಟಿದರು.

“ತಂದ್ವಿರಿ ಅಕ್ಕೋರ! ಅನಿಲಗ ಕಡದಾಳ ನೋಡ್ರಿ!”

ವರಾಂಡದಲ್ಲಿ ಇಳಿಸಿದಾಗ ಹುಡುಗಿಯ ಲಂಗ ಒದ್ದೆಯಾಗಿತ್ತು. ಮಕ್ಕಳೆಲ್ಲ ಹೋ ಎಂದು ನಕ್ಕರು. ಮುಕ್ತಾ ಟೀಚರಿಗೆ ನಗು ಬರಲಿಲ್ಲ. ಹುಡುಗರನ್ನು ಕಳಿಸಿದವಳು ಅವಳೇ. ಶಾಲೆ ತಪ್ಪಿಸಿದವರನ್ನು ಹೀಗೆ ಹೊತ್ತು ತರಿಸುವುದು ಆ ಕಡೆಯ ಹಳೆಯ ರೂಢಿ. ಸಿಂದಗಿಯಲ್ಲಿ ಅವಳ ಕಾಕಾನನ್ನೂ ಹಾಗೇ ತರುತ್ತಿದ್ದರಂತೆ. ಮನೆಯಲ್ಲಿ ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ. ಹೊತ್ತು ತಂದ ಮಗುವಿನ ಮುಖವನ್ನು ಅವಳು ಹತ್ತಿರದಿಂದ ನೋಡಿದ್ದು ಮಾತ್ರ ಇದೇ ಮೊದಲು.

ದೇವಣಗಾಂವದಿಂದ ಕೆಳಗೆ, ಭೀಮಾ ನದಿಯ ದಂಡೆಯ ಸಣ್ಣ ಊರದು. ಆಗಸ್ಟಿನಲ್ಲಿ ಹೊಳೆ ಕೆಳಗಿನ ಓಣಿಗೆ ನುಗ್ಗಿತ್ತು. ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ನೀರು ಇಳಿಯಿತು, ಕೆಸರು ಬಳಿದು ಹಾಕಿದರು, ಶಾಲೆ ಮತ್ತೆ ತೆರೆಯಿತು. ಎಲ್ಲ ಮಕ್ಕಳೂ ಬಂದರು. ವಿಜಯಲಕ್ಷ್ಮಿ ಮೂರು ದಿನ ಬಂದು ನಿಲ್ಲಿಸಿಬಿಟ್ಟಳು.

“ಎರಡ ದಿನ ಹೊತ್ಕೊಂಡ್ ಬರ್ಲಿ, ಮೂರನೇ ದಿನ ತಾನ ಬರ್ತಾಳ,” ಎಂದರು ಹೆಡ್ ಮಾಸ್ತರ ಗುರುಲಿಂಗಪ್ಪನವರು.

ಮಧ್ಯಾಹ್ನ ಹುಡುಗಿಯ ಅಪ್ಪ ಚಂದಪ್ಪ ಬಂದ. “ಆಕಿ ಕುಂಡರಾಂಗಿಲ್ಲ ಬಿಡ್ರಿ ಅಕ್ಕೋರ. ದಿನಾ ಹೊಳಿ ದಂಡಿಮ್ಯಾಲ ಇರ್ತಾಳ. ಶನಿವಾರ ತನಕ ನೋಡ್ತೇನಿ. ಆಮ್ಯಾಲ ಸಾಲಿ ಬಿಡಿಸಿ ಯಂಕಂಚಿಗೆ ನಮ್ಮಕ್ಕನ ಮನಿಗೆ ಕಳಸ್ತೇನಿ. ಅಲ್ಲಿ ಕೂಸು ಆಡಿಸ್ಕೊಂಡು ಇರ್ತಾಳ.”

ಮರುದಿನ ಮುಕ್ತಾ ಮೊದಲ ಬಸ್ಸಿಗೇ ಬಂದು ನೇರವಾಗಿ ಹೊಳೆಗೆ ಹೋದಳು. ಹುಡುಗಿ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು.

“ಹೊತ್ಕೊಂಡ್ ಹೋಗಾಕ ಬಂದೀರೇನ್ರಿ?”

“ನಿನ್ನ ಹೊರಲಿಕ್ಕೆ ನನ್ನ ಕೈಲೆ ಆಗ್ತದೇನು? ಅತ್ತಾಗ ಸರಿ, ನಾನೂ ಕೂಡ್ತೀನಿ.” ಪಕ್ಕದಲ್ಲಿ ಕುಳಿತು ಮುಕ್ತಾ ಕೇಳಿದಳು, “ಏನು ನೋಡ್ತೀ?”

“ಆ ಕರಿ ಕಲ್ಲು ಮುಳುಗ್ತೈತೇನಂತ.”

“ಮನೀಗೆ ಹೋದಾಗ ಏನ್ ಮಾಡ್ತೀ?”

“ಮನಿ ಕಟ್ಟಿ ಮ್ಯಾಲಿಂದ ಕಾಣ್ತೈತ್ರಿ. ಸಾಲ್ಯಾಗಿಂದ ಕಾಣಂಗಿಲ್ಲ.”

ಸೋಮಾರಿತನ, ಹೊಟ್ಟೆನೋವು, ಯಾರದೋ ಕಾಟ ಎಂದು ಮುಕ್ತಾ ಇಷ್ಟು ದಿನ ಏನೇನೋ ಊಹಿಸಿದ್ದಳು. ಶಾಲೆಯ ಕಿಟಕಿಗಳೆಲ್ಲ ರಸ್ತೆಯ ಕಡೆಗಿವೆ ಎಂಬುದು ಈಗ ಹೊಳೆಯಿತು. ಬಿ.ಎಸ್ಸಿ. ಓದಿದವಳು, ವಿವರಿಸದೆ ಇರಲಾಗಲಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗುತ್ತದೆ, ಅಣೆಕಟ್ಟು ತುಂಬುತ್ತದೆ, ಬಾಗಿಲು ತೆರೆದರೆ ನೀರು ಇಲ್ಲಿಗೆ ಬರುತ್ತದೆ ಎಂದು ಹೇಳಿದಳು. “ನೀ ನೋಡಿದ್ರೂ ಬರ್ತದ, ನೋಡದಿದ್ರೂ ಬರ್ತದ.”

ಹುಡುಗಿ ಉಗುರಿನಿಂದ ಕಲ್ಲಿನ ಪಾಚಿ ಕೆರೆದಳು. “ಹಂಗಾರ ಅವತ್ತ ನಾ ನೋಡಿದ್ರೂ ಕರು ಸಾಯ್ತಿತ್ತೇನ್ರಿ?”

“ಯಾವ ಕರು?”

ತುಣುಕು ತುಣುಕಾಗಿ ಹೊರಬಂತು. ಆ ಮಧ್ಯಾಹ್ನ ದೊಡ್ಡವರೆಲ್ಲ ಕಾಳಿನ ಚೀಲಗಳನ್ನು ಗುಡಿಗೆ ಸಾಗಿಸುತ್ತಿದ್ದರು. ನೀರು ಬೇವಿನ ಬುಡ ಮುಟ್ಟಿದರೆ ಕೂಗು ಎಂದು ಅಜ್ಜಿ ಕಸ್ತೂರೆವ್ವ ಇವಳನ್ನು ಬಾಗಿಲಲ್ಲಿ ಕೂರಿಸಿ ಹೋಗಿದ್ದಳು. ಅಷ್ಟರಲ್ಲಿ ನೆರೆ ನೋಡಲು ಹೆಲಿಕಾಪ್ಟರ್ ಬಂತು. ಇವಳು ಓಣಿಯ ಮಕ್ಕಳ ಜೊತೆ ಅದನ್ನು ನೋಡಲು ಓಡಿದಳು. ತಿರುಗಿ ಬಂದಾಗ ದನದ ಕೊಟ್ಟಿಗೆಯಲ್ಲಿ ಎದೆಮಟ್ಟ ನೀರು. ಕಟ್ಟಿದ್ದ ಎಮ್ಮೆಯ ಕರು ಕಟ್ಟಿದಲ್ಲೇ ಸತ್ತಿತ್ತು.

“ಯಾರೂ ಬೈಲಿಲ್ರಿ,” ಎಂದಳು, ಅದೇ ದೊಡ್ಡ ದೂರು ಎಂಬಂತೆ.

ಹೌದು, ನೋಡಿದ್ದರೂ ಸಾಯುತ್ತಿತ್ತು ಎಂಬ ಮಾತು ಮುಕ್ತಾಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಅದು ಸುಳ್ಳು, ಸುಳ್ಳೆಂದು ಹುಡುಗಿಗೂ ಗೊತ್ತು. ಒಮ್ಮೆ ಸಿಕ್ಕಿಬಿದ್ದರೆ ಮುಂದೆ ತಾನು ಏನು ಹೇಳಿದರೂ ಇವಳು ನಂಬುವುದಿಲ್ಲ.

“ಇಲ್ಲ. ನೀ ಕರೆದಿದ್ರ ಉಳೀತಿತ್ತು.”

ಹುಡುಗಿ ಮೊದಲ ಬಾರಿಗೆ ಅವಳ ಮುಖ ನೋಡಿದಳು.

“ಆದ್ರ ಇಡೀ ಹೊಳಿ ಕಾಯೋ ಕೆಲಸ ಒಂಬತ್ತು ವರ್ಷದ ಒಬ್ಬಾಕಿಗೇ ಒಪ್ಪಿಸಿ ಹೋದದ್ದು ದೊಡ್ಡವರ ತಪ್ಪು. ಒಬ್ಬರೇ ಅಷ್ಟೊತ್ತು ನೋಡ್ಕೋತ ಕೂಡ್ಲಿಕ್ಕೆ ಯಾರ ಕೈಲೂ ಆಗೂದಿಲ್ಲ. ನನ್ನ ಕೈಲೂ ಆಗೂದಿಲ್ಲ.”

“ಮತ್ತ ಯಾರ್ ನೋಡಬೇಕ್ರಿ?”

“ಪಾಳಿ ಹಚ್ಚೋಣು.”

ಅಂದೇ ಮುಕ್ತಾ ಮತ್ತು ಮಕ್ಕಳು ಹಳೆಯ ಕಬ್ಬಿಣದ ಪೈಪಿಗೆ ಅಡಿ, ಇಂಚುಗಳ ಗೆರೆ ಎಳೆದು ಬಣ್ಣ ಬಳಿದರು. ಊರಿನ ಕುಡಿಯುವ ನೀರಿನ ಪಂಪ್ ನೋಡಿಕೊಳ್ಳುವ ಗುರಣ್ಣ ಅದನ್ನು ಮೆಟ್ಟಿಲ ಬಳಿ ನೀರಿನಲ್ಲಿ ನೆಟ್ಟ. ಮಕ್ಕಳು ಮೇಲಿನ ಮೆಟ್ಟಿಲಿನಿಂದಲೇ ಗೆರೆ ಓದಬೇಕು, ಒಬ್ಬರೂ ಕೆಳಗಿಳಿಯದಂತೆ ತಾನು ನೋಡಿಕೊಳ್ಳುತ್ತೇನೆ ಎಂದ.

“ಇದು ಸಾಲಿ ಏನ್ರಿ, ನೀರಾವರಿ ಇಲಾಖೆ ಏನ್ರಿ?” ಎಂದರು ಗುರುಲಿಂಗಪ್ಪನವರು.

“ಅಳತಿ ಪಾಠ ಅದ ಸರ್, ಗಣಿತದಾಗ.”

“ಅಳತಿಗೆ ಹೊಳಿನ ಬೇಕೇನು? ಫುಟ್‌ಪಟ್ಟಿ ಇಲ್ಲ? ಆಗ್ಲಿ, ಶನಿವಾರ ತನಕ ಮಾಡ್ರಿ.”

ತಾಸಿಗೊಬ್ಬರು ಹೋಗಿ ನೀರಿನ ಮಟ್ಟ ನೋಡಿ ಬರಬೇಕು. ಪಾಳಿಯ ಪಟ್ಟಿ ಬರೆಯುವ ಕೆಲಸ ವಿಜಯಲಕ್ಷ್ಮಿಯದು. ಎಲ್ಲ ತಾಸುಗಳಿಗೂ ತನ್ನ ಹೆಸರನ್ನೇ ಬರೆದಿದ್ದಳು. ಮುಕ್ತಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದಳು.

“ಅನಿಲನ ಹಾಕಬ್ಯಾಡ್ರಿ ಅಕ್ಕೋರ,” ಎಂದ ಸಿದ್ದಲಿಂಗ. “ದಂಡಿಗೆ ಹೋಗದನ ಸುಳ್ಳ ಹೇಳ್ತಾನ.”

“ನಿಮ್ಮಪ್ಪ ಹೇಳ್ತಾನ ಸುಳ್ಳ!” ಎಂದ ಅನಿಲ.

ಹೀಗಾಗಿ ಒಂದು ತಾಸಿಗೆ ಇಬ್ಬರು ಎಂದಾಯಿತು. ಬುಧವಾರ ವಿಜಯಲಕ್ಷ್ಮಿ ಬಾಗಿಲ ಬಳಿ ಕುಳಿತು ಹನ್ನೆರಡು ಸಲ ಎದ್ದಳು, ಎರಡು ಸಲ ಹೊಳೆಗೆ ಓಡಿದಳು. ಮುಕ್ತಾ ಎಣಿಸಿದಳೇ ಹೊರತು ತಡೆಯಲಿಲ್ಲ. ಗುರುವಾರ ಒಂದು ಸಲ ಓಡಿದಳು. ಶುಕ್ರವಾರವೂ ಒಂದು ಸಲ. ಮರುದಿನವೇ ಚಂದಪ್ಪ ಹೇಳಿದ್ದ ಶನಿವಾರ.

ಶನಿವಾರ ಬೆಳಗಿನ ಶಾಲೆ. ಚಂದಪ್ಪ ಮಗಳ ಶಾಲೆಯ ದಾಖಲೆ ಪಡೆಯಲು ಬಂದು ಬಾಗಿಲಾಚೆ ನಿಂತಿದ್ದ. ಹುಡುಗಿ ಭಾಗಾಕಾರ ಮಾಡುತ್ತಿದ್ದಳು. ಪಾಳಿಗೆ ಹೋಗಿದ್ದ ಸಿದ್ದಲಿಂಗ, ಅನಿಲ ಏದುಸಿರು ಬಿಡುತ್ತ ಬಂದರು.

“ಏರೇತ್ರಿ ಅಕ್ಕೋರ! ಎರಡ ಇಂಚು ಏರೇತ್ರಿ!”

ವಿಜಯಲಕ್ಷ್ಮಿ ಎದ್ದು ನಿಂತಳು. ಬಾಗಿಲು ನೋಡಿದಳು, ಅಪ್ಪನನ್ನು ನೋಡಿದಳು. ಮುಕ್ತಾ ಸೀಮೆಸುಣ್ಣ ಹಿಡಿದ ಕೈಯನ್ನು ಅಲ್ಲಾಡಿಸದೆ ಕಾದಳು.

“ಖರೇನ ಹೇಳ್ರಿ, ಇಬ್ರೂ ನೋಡೀರಿ?” ಎಂದು ಕೇಳಿದಳು ವಿಜಯಲಕ್ಷ್ಮಿ.

“ಇಬ್ರೂ ನೋಡೇವಿ. ನಮ್ಮವ್ವನ ಆಣಿ.”

ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. “ಮುಂದಿನ ತಾಸು ಸುಧೀರಂದು. ಏ ಸುಧೀರ, ನಿನ್ನ ಜೋಡಿದಾರನ್ನ ಕರ್ಕೊಂಡು ಲಗೂನ ಹೋಗಬೇಕ ನೋಡು.” ಕುಳಿತು, ಬಿಟ್ಟಿದ್ದ ಲೆಕ್ಕ ಹಿಡಿದಳು.

ಚಂದಪ್ಪ ಚಪ್ಪಲಿ ಮೆಟ್ಟಿಕೊಂಡ. “ಯಂಕಂಚಿಗೆ ಫೋನ್ ಮಾಡಿ ಬ್ಯಾಡಂತ ಹೇಳ್ತೇನ್ರಿ,” ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದ.

ಮುಕ್ತಾ ಹಲಗೆಯ ಮೇಲೆ ಬರೆದಳು: ನೀರಿನ ಮಟ್ಟ ಮೂರು ಅಡಿ ಒಂಬತ್ತು ಇಂಚು.