ವಾಸವಿರುವ ಮನೆಗಳು

ಮೂರನೆಯ ಸಲ ಬಾಗಿಲು ತಟ್ಟಿ ಆಶಾರಾಣಿ ಕಿವಿಗೊಟ್ಟಳು. ಒಳಬೀಗದ ಹಳೆಯ ಬಾಗಿಲು, ಒಳಗಿನಿಂದ ಸದ್ದಿಲ್ಲ. ಹೊಸ್ತಿಲ ಮುಂದೆ ಹಾಕಿದ ಸಗಣಿ ನೀರು ಇನ್ನೂ ಆರಿರಲಿಲ್ಲ. ಅದರ ಮೇಲೆ ಎಳೆದ ರಂಗೋಲಿಯ ಒಂದು ಗೆರೆಯೂ ಅಳಿಸಿರಲಿಲ್ಲ. ಹೆಂಚಿನ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಪಕ್ಕದ ತಂತಿಯ ಮೇಲೆ ಹುಡುಗಿಯೊಬ್ಬಳ ಬಿಳಿ ಅಂಗಿ, ನೀಲಿ ಲಂಗ ತೂಗುತ್ತಿದ್ದವು. ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೆಲ್ಸಕ್ಕೆ ಹೋಗ್ಯಾರೆ ಕಣಮ್ಮ" ಎಂದಳು ಎದುರು ಮನೆಯ ಏಕನಾಥಮ್ಮ. ಜಗಲಿಯ ಮೇಲೆ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದವಳು ತಲೆ ಎತ್ತಿರಲಿಲ್ಲ.

"ಭಾನುವಾರಾನೂ ಕೆಲ್ಸನಾ?"

"ಬಡವ್ರಿಗೆ ಭಾನುವಾರ ಎಲ್ಲೈತೆ."

ಚಿತ್ರದುರ್ಗದ ಕೋಟೆ ಬೆಟ್ಟದ ಬುಡದಲ್ಲಿದ್ದ ಈ ಓಣಿಗೆ ಮಿಲ್ ಕೇರಿ ಎಂದು ಹೆಸರು. ಶೇಂಗಾ ಎಣ್ಣೆ ಮಿಲ್ಲು ನಡೆಯುತ್ತಿದ್ದಾಗ ಅದರ ಕೆಲಸಗಾರರು ಕಟ್ಟಿಕೊಂಡ ಮನೆಗಳು. ಮಿಲ್ಲು ಮುಚ್ಚಿ ಬಹಳ ವರ್ಷವಾಗಿತ್ತು. ಚರಂಡಿ ಒಡೆದಿತ್ತು, ನಲ್ಲಿಯಲ್ಲಿ ನೀರು ಬಂದರೆ ಬಂತು. ಮಧ್ಯಾಹ್ನ ಕಳೆಯುತ್ತಲೇ ಬಂಡೆಗಳ ನೆರಳು ಇಳಿದು, ಪೇಟೆಯಲ್ಲಿ ಇನ್ನೂ ಬಿಸಿಲು ಸುಡುತ್ತಿರುವಾಗಲೇ ಇಲ್ಲಿ ಸಂಜೆಯಾಗುತ್ತಿತ್ತು. ಈ ಕೇರಿಯನ್ನು ಕೆಡವಿ ಜನರನ್ನು ಊರಾಚೆಯ ಬಡಾವಣೆಗೆ ಸಾಗಿಸಬೇಕೋ, ಇದ್ದಲ್ಲೇ ದುರಸ್ತಿ ಮಾಡಬೇಕೋ ಎಂಬುದನ್ನು ಸರ್ಕಾರಿ ಸಮಿತಿ ಇನ್ನೂ ಇತ್ಯರ್ಥ ಮಾಡಿರಲಿಲ್ಲ. ಇದ್ದಲ್ಲೇ ಉಳಿಸಬೇಕಾದರೆ ಹಾಕಿದ ದುಡ್ಡು ಹೇಗೆ ಹಿಂತಿರುಗುತ್ತದೆ ಎಂದು ತೋರಿಸಬೇಕಿತ್ತು. ಆ ವರದಿ ತಯಾರಿಸುವ ಕೆಲಸ ದಾವಣಗೆರೆಯ ಒಂದು ಖಾಸಗಿ ಸಂಸ್ಥೆಗೆ ಬಂದಿತ್ತು. ಅಲ್ಲಿ ಕೆಲಸಕ್ಕಿದ್ದ ಆಶಾರಾಣಿ ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಹಿಡಿದು ದಿನವೂ ಕೇರಿಗೆ ಬರುತ್ತಿದ್ದಳು.

ಅವಳು ಹೊಳಲ್ಕೆರೆಯವಳು. ಅವಳು ಚಿಕ್ಕವಳಿದ್ದಾಗ ರಸ್ತೆ ಅಗಲ ಮಾಡುವಾಗ ಅವರ ಓಣಿಯನ್ನೇ ಎತ್ತಿ ಬೇರೆಡೆಗೆ ಹಾಕಿದ್ದರು. ಈಗ ಅಲ್ಲಿ ಹೋಗಿ ನಿಂತರೆ ತನ್ನ ಮನೆ ಎಲ್ಲಿತ್ತು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಮಿಲ್ ಕೇರಿ ಉಳಿಯಲಿ ಎಂದು ಅವಳಿಗೆ ಆಸೆಯಿತ್ತು. ಕರಡು ವರದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ 'ವಾಸವಿರುವ ಮನೆ' ಎಂದೇ ತೋರಿಸಿದ್ದಳು. ಕಣ್ಣಿಗೆ ಕಂಡದ್ದೂ ಹಾಗೆಯೇ.

ಆದರೆ ಆ ನೀಲಿ ಲಂಗ ಮನಸ್ಸಿನಿಂದ ಹೋಗಲಿಲ್ಲ. ಹಿಂತಿರುಗುವಾಗ ಶಾಲೆಯ ಮುಂದೆ ಮಕ್ಕಳು ಪಂದ್ಯಕ್ಕೆಂದು ಸಮವಸ್ತ್ರದಲ್ಲೇ ಸಾಲಾಗಿ ನಿಂತಿದ್ದರು. ಯಾರ ಮೈಮೇಲೂ ನೀಲಿ ಬಟ್ಟೆ ಇರಲಿಲ್ಲ. ಆ ಬಣ್ಣ ಬಿಟ್ಟು ಎಷ್ಟೋ ವರ್ಷವಾಯಿತು ಎಂದರು ಅಲ್ಲಿದ್ದ ಮೇಡಂ.

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಕೇರಿಯ ಬಾಯಲ್ಲಿ ನಿಂತಿದ್ದಳು. ಮೊದಲು ಕೇಳಿಸಿದ್ದು ಕಸಬರಿಕೆಯ ಸದ್ದು. ಏಕನಾಥಮ್ಮ, ಇನ್ನಿಬ್ಬರು ಹೆಂಗಸರು. ಮೂವರೂ ಒಂದು ಮಾತೂ ಆಡದೆ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದರು. ಒಬ್ಬಳು ಗುಡಿಸಿ ನೀರು ಹಾಕುತ್ತಿದ್ದಳು, ಇನ್ನೊಬ್ಬಳು ಹಳೆಯ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಅದ್ದಿ ತಂತಿಗೆ ಹಾಕುತ್ತಿದ್ದಳು. ಏಕನಾಥಮ್ಮ ಸೊಂಟದ ಕೀಲಿಗೊಂಚಲು ತೆಗೆದು, ಬಾಗಿಲು ತೆರೆದು ಒಳಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು. ಅವಳು ಹೊರಬಂದು ಬೀಗ ಹಾಕಿದ ಮೇಲೆ ಹೊಸ್ತಿಲಿಗೆ ರಂಗೋಲಿ.

ನೀಲಿ ಲಂಗದ ಮನೆಯ ಹತ್ತಿರ ಆಶಾರಾಣಿ ಗೋಡೆಗೆ ಒತ್ತಿ ನಿಂತಳು. ಒಳಗೆ ಕಡ್ಡಿ ಗೀರಿದ ಸದ್ದಾಯಿತು. ಆಮೇಲೆ ಏಕನಾಥಮ್ಮನ ದನಿ, ಮೆಲ್ಲಗೆ:

"ಮೋನಿಕಾ, ಏಳವ್ವ. ಹೊತ್ತಾತು. ಇಸ್ಕೂಲಿಗೆ ಹೋಗಲ್ವಾ?"

ಮುದುಕಿ ಏನನ್ನೋ ಕೇಳಿಸಿಕೊಂಡವಳಂತೆ ಸಣ್ಣಗೆ ನಕ್ಕಳು. "ಆತು, ಇನ್ನೊಂಚೂರು ಮಲ್ಕ" ಎಂದಳು.

ಆಶಾರಾಣಿ ಕಿವಿಯನ್ನು ಗೋಡೆಗೆ ಆನಿಸಿದಳು. ಬಾಗಿಲು ತೆರೆದು ಹೊರಬಂದ ಏಕನಾಥಮ್ಮ ಅವಳನ್ನು ಕಂಡು ಬೆಚ್ಚಲಿಲ್ಲ. ಬೀಗ ಹಾಕಿ, ರಂಗೋಲಿ ಹಾಕಿ ಮುಗಿಸಿ, "ಬರ್ರಿ, ಕುಂತ್ಕಳ್ರಿ" ಎಂದು ತನ್ನ ಜಗಲಿ ತೋರಿಸಿದಳು.

"ಯಾರಿದ್ದಾರೆ ಒಳಗೆ?"

"ಗುಡ್ಡಪ್ಪನ ಮನೆ ಅದು. ಮಿಲ್ಲು ನಿಂತ್ಮ್ಯಾಲೆ ಹಿರಿಯೂರು ಕಡೆ ಹೋದ್ರು. ಹುಡುಗಿ ಆಗ ನಾಕ್ನೇ ಕ್ಲಾಸು."

"ಮತ್ತೆ ಈಗ ಯಾರ ಹತ್ರ ಮಾತಾಡಿದ್ರಿ?"

ಏಕನಾಥಮ್ಮ ಕೇರಿಯ ಕೊನೆಯ ಬಯಲನ್ನು ತೋರಿಸಿದಳು. "ಅಲ್ಲೂ ಮನೆ ಇದ್ವು. ಮೂರು ಮನೆಗೆ ಬೀಗ ಬಿತ್ತು. ಖಾಲಿ ಅವೆ ಅಂತ ಜೆಸಿಬಿ ತಂದು ಕೆಡವಿದ್ರು. ಆಮ್ಯಾಲೆ ಪಕ್ಕದವ್ರಿಗೆ ಇರೋಕಾಗ್ಲಿಲ್ಲ. ರಾತ್ರಿ ಕತ್ಲೆ, ಹಾವು, ಕುಡುಕ್ರು. ಅವ್ರೂ ಹೋದ್ರು. ಒಂದು ಒಲೆ ಆರಿದ್ರೆ ಪಕ್ಕದ್ದೂ ಆರ್ತೈತೆ ಕಣಮ್ಮ. ಅದಕ್ಕೇ ಶುರು ಮಾಡಿದ್ವಿ."

"ಈಗ್ಲೂ ಅದಕ್ಕೇನಾ?"

"ಈಗ..." ಮುದುಕಿ ಕೈಗೆ ಅಂಟಿದ ರಂಗೋಲಿ ಪುಡಿ ಒರೆಸಿಕೊಂಡಳು. "ಈಗ ಒಂದಿನ ತಪ್ಪಿಸಿದ್ರೆ ಅವ್ರು ಕಾಯ್ತಾರೆ ಅನ್ನಿಸ್ತೈತೆ. ನೀವು ಏನಾರ ಬರ್ಕಳ್ರಿ. ಖಾಲಿ ಅಂತ ಮಾತ್ರ ಅನ್ಬ್ಯಾಡ್ರಿ."

ದಾವಣಗೆರೆಯಲ್ಲಿದ್ದ ಅವಳ ಮೇಲಧಿಕಾರಿ ಬಸವೇಶ್ ಫೋನಿನಲ್ಲಿ ಎಲ್ಲ ಕೇಳಿ, "ಹೊಗೆ ಇತ್ತು, ರಂಗೋಲಿ ಇತ್ತು, ಬಟ್ಟೆ ಒಣಗ್ತಿತ್ತು. ವಾಸವಿರೋ ಮನೆ ಅನ್ನೋಕೆ ಇನ್ನೇನ್ ಬೇಕ್ರಿ ಮೇಡಂ? ಹಂಗೇ ಬಿಡಿ" ಎಂದ.

"ಕಂಟ್ರಾಕ್ಟರ್ ಬಂದು ಮೊದಲ್ನೇ ಬಾಗಿಲು ತೆಗೆದ ದಿನ ಏನಾಗುತ್ತೆ ಸರ್? ಸುಳ್ಳು ಅಂತ ಗೊತ್ತಾದ್ರೆ ಇಡೀ ಕೇರೀನೇ ಕೆಡವ್ತಾರೆ."

"ನಿಮ್ಮಿಷ್ಟ. ಸಮಿತಿ ಸಭೆ ಶುಕ್ರವಾರ."

ಹೋದವರು ಹಿಂತಿರುಗುತ್ತಾರೋ ಇಲ್ಲವೋ ಎಂದು ತಿಳಿಯದೆ ಕೇರಿ ಉಳಿಸಬೇಕೆಂಬ ವಾದಕ್ಕೆ ಬಲ ಬರುವಂತಿರಲಿಲ್ಲ. ಆಶಾರಾಣಿ ಹಿರಿಯೂರಿನ ಬಸ್ಸು ಹತ್ತಿ ಆದಿವಾಲಕ್ಕೆ ಹೋದಳು. ಗುಡ್ಡಪ್ಪ ಅಲ್ಲಿ ತೆಂಗಿನಕಾಯಿ ಮಂಡಿಯೊಂದರಲ್ಲಿ ಲೋಡು ಹತ್ತಿಸುವ ಕೆಲಸ ಮಾಡುತ್ತಿದ್ದ. ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಯಶೋದಾ ಗ್ಯಾಸಿನ ಒಲೆಯ ಮೇಲೆ ಚಹಾ ಇಟ್ಟಳು. ಮಗಳು ಮೋನಿಕಾ ಹಿರಿಯೂರಿನ ಬಟ್ಟೆ ಅಂಗಡಿಗೆ ಹೊರಟು ನಿಂತಿದ್ದಳು. ಬೆಳೆದ ಹುಡುಗಿ, ಕಣ್ಣ ಕೆಳಗೆ ಕಪ್ಪು.

ಮಿಲ್ ಕೇರಿಯ ಹೆಸರೆತ್ತಿದ ಕೂಡಲೇ ಯಶೋದಾ ಚಹಾ ಸೋಸುವುದನ್ನು ನಿಲ್ಲಿಸಿದಳು.

"ನಿಮ್ಮನೆ ಒಲೆ ದಿನಾ ಹೊತ್ತಿಸ್ತಾರೆ, ಗೊತ್ತಾ ನಿಮಗೆ?" ಎಂದು ಕೇಳಿದಳು ಆಶಾರಾಣಿ.

"ಯಾರೂ ಹೇಳಿರ್ಲಿಲ್ಲ" ಎಂದಳು ಯಶೋದಾ. ಗಂಡನ ಮುಖ ನೋಡಿದಳು. "ಆದ್ರೆ ಬೆಳಿಗ್ಗೆ ಹೊತ್ತು ಮನೆ ತುಂಬ ಸೌದೆ ಹೊಗೆ ವಾಸ್ನೆ ಬರ್ತೈತೆ. ಇಲ್ಲಿ ಸೌದೆ ಹಚ್ಚೋರೇ ಇಲ್ಲ."

"ನನ್ನ ಯಾರೋ ಎಬ್ಬಿಸ್ತಾರೆ" ಎಂದಳು ಮೋನಿಕಾ. ಎಲ್ಲರಿಗೂ ಆಗುವ ವಿಷಯ ಹೇಳುವವಳಂತೆ ಹೇಳಿದಳು. "ದಿನಾ. ಇನ್ನೊಂಚೂರು ಅಂತ ನಾನು ಅಂತೀನಂತೆ, ನಿದ್ದೆಗಣ್ಣಲ್ಲಿ. ಅಮ್ಮ ಕೇಳಿಸ್ಕಂಡಾಳೆ."

ಆಶಾರಾಣಿ ಚಹಾ ಲೋಟ ಕೆಳಗಿಟ್ಟಳು.

"ಮಿಲ್ಲಿನ ಶೆಡ್ಡಲ್ಲಿ ಹುಣಸೆಹಣ್ಣಿನ ಕೆಲ್ಸ ಶುರುವಾದ್ರೆ ವಾಪಸ್ ಬರ್ತೀರಾ?" ಎಂದಷ್ಟೇ ಕೇಳಿದಳು.

"ನಾಳೆನೇ ಬರ್ತೀವಿ" ಎಂದ ಗುಡ್ಡಪ್ಪ. "ಇಷ್ಟು ವರ್ಷ ಆತು, ಇಲ್ಲಿದ್ರೂ ಇಲ್ಲಿದ್ದಂಗೇ ಇಲ್ಲ ನಮಗೆ."

ಕೇರಿ ಬಿಟ್ಟುಹೋದ ಇನ್ನೂ ಕೆಲವರನ್ನು ಕಂಡು ಬಂದು, ಶುಕ್ರವಾರದ ಸಭೆಯಲ್ಲಿ ಅವಳು ಪರದೆಯ ಮೇಲೆ ಕೇರಿಯ ನಕ್ಷೆ ತೋರಿಸಿ, ಅರ್ಧಕ್ಕಿಂತ ಹೆಚ್ಚು ಮನೆಗಳು ಖಾಲಿ ಎಂದು ಮೊದಲೇ ಹೇಳಿದಳು. ಕುರ್ಚಿಗಳು ಕಿರುಗುಟ್ಟಿದವು. ಬಸವೇಶ್ ಹಣೆ ಉಜ್ಜಿಕೊಂಡ. ಅವಳು ನಿಲ್ಲಿಸಲಿಲ್ಲ. ಊರಾಚೆ ಬಡಾವಣೆ ಮಾಡಲು ಜಮೀನು, ರಸ್ತೆ, ನೀರಿನ ಪೈಪು, ಕರೆಂಟು ಕಂಬ ಎಲ್ಲ ಹೊಸದಾಗಿ ಬೇಕು. ಅಲ್ಲಿಂದ ಪೇಟೆಯ ಹುಣಸೆ ಗೋದಾಮಿಗೆ ದುಡಿಯಲು ಬರುವ ಕೇರಿಯ ಹೆಂಗಸರ ಕೂಲಿ ಬಹುಪಾಲು ಬಸ್ ಚಾರ್ಜಿಗೇ ಹೋಗುತ್ತದೆ. ಅವರು ಅಲ್ಲಿಂದಲೂ ಹೊರಟುಹೋಗುತ್ತಾರೆ, ಆ ಮನೆಗಳಿಗೂ ಬೀಗ ಬೀಳುತ್ತದೆ. ಇಲ್ಲಾದರೆ ಮಿಲ್ಲಿನ ಶೆಡ್ಡು ಗಟ್ಟಿಯಾಗಿದೆ. ಹುಣಸೆಹಣ್ಣು ಅಲ್ಲೇ ಬೀಜ ತೆಗೆದು, ಅಚ್ಚು ಕಟ್ಟಿ, ದಾಸ್ತಾನಿಟ್ಟು ಬೆಲೆ ಬಂದಾಗ ಮಾರಬಹುದು. ಹಿರಿಯೂರು, ಹೊಳಲ್ಕೆರೆಗಳಲ್ಲಿ ಬಾಡಿಗೆ ಕಟ್ಟುತ್ತಿರುವವರು ಹಿಂತಿರುಗಲು ತಯಾರಿದ್ದಾರೆ. ಅವರೊಂದಿಗೆ ಅವರ ಸಂಪಾದನೆಯೂ ಬರುತ್ತದೆ.

ಸಮಿತಿಯಲ್ಲಿದ್ದ ಲೆಕ್ಕಪತ್ರದ ಅಧಿಕಾರಿ ಹನುಮಂತಯ್ಯ ಮನೆಗಳ ಫೋಟೋಗಳನ್ನು ಮತ್ತೆ ತೋರಿಸಲು ಹೇಳಿದರು. "ಒಂದ್ ಮಾತು ಹೇಳಮ್ಮ. ಇಷ್ಟು ವರ್ಷ ಖಾಲಿ ಬಿದ್ದ ಮಣ್ಣಿನ ಗೋಡೆ ಬಿರುಕೂ ಬಿಡದೆ ಹೆಂಗ್ ನಿಂತಿದೆ?"

"ಅಕ್ಕಪಕ್ಕದವರು ದಿನಾ ಬಾಗಿಲು ತೆಗೆದು, ಸಾರಿಸಿ, ಒಲೆ ಹಚ್ಚುತ್ತಾರೆ ಸರ್. ಕೂಲಿ ಇಲ್ಲದೆ. ಈ ಯೋಜನೆಗೆ ಎಲ್ಲರಿಗಿಂತ ಮೊದಲು ಬಂಡವಾಳ ಹಾಕಿದವರು ಅವರೇ. ನಾವು ಕೆಡವಿದರೆ ಅದೂ ಹೋಗುತ್ತದೆ."

ಹನುಮಂತಯ್ಯ ಫೋಟೋದಲ್ಲಿದ್ದ ಹೊಗೆಯನ್ನೇ ನೋಡುತ್ತ ಕುಳಿತರು. ಕೊನೆಗೆ ಸಮಿತಿ ಒಪ್ಪಿತು. ಮೊದಲು ಶೆಡ್ಡು, ಚರಂಡಿ, ನೀರು. ಜನ ನಿಜವಾಗಿ ಬಂದು ನೆಲೆಸಿದರೆ ಮುಂದಿನ ಹಂತ.

ಸುದ್ದಿ ಹೇಳಲು ಅವಳು ಸಂಭ್ರಮದಿಂದ ಕೇರಿಗೆ ಬಂದಾಗ ಓಣಿಯಲ್ಲಿ ಧೂಳಿನ ವಾಸನೆಯಿತ್ತು. ನಾಲ್ಕಾರು ಜನ ಬೀಗ ಹಾಕಿದ್ದ ಕೊನೆಯ ಮನೆಯ ಮುಂದೆ ಗುಂಪು ಕಟ್ಟಿದ್ದರು. ಅದರ ಹಿಂಗೋಡೆ ಮಧ್ಯಾಹ್ನ ಕುಸಿದುಬಿದ್ದಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಶಿವರಾತ್ರಿ ಕಳೆದ ಒಣ ಬಿಸಿಲು. ಯಾರಿಗೂ ಪೆಟ್ಟಾಗಿರಲಿಲ್ಲ. ಒಲೆಯಲ್ಲಿ ಕೆಂಡ ಇನ್ನೂ ಮಿನುಗುತ್ತಿತ್ತು.

ಏಕನಾಥಮ್ಮ ಅವಳತ್ತ ತಿರುಗಿದಳು.

"ಖಾಲಿ ಅಂದ್ಬಿಟ್ರಾ?"

"ಅವ್ವ, ಕೇರಿ ಉಳೀತು. ಎಲ್ರೂ ವಾಪಸ್ ಬರ್ತಾರೆ. ನಿಜ ಹೇಳ್ದೆ ಇದ್ರೆ..."

"ಉಳೀಲಿ. ಒಳ್ಳೇದಾತು" ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಅಂದಿದ್ದು ಮನೆ ಕೇಳಿಸ್ಕಂಡ್ವು, ನೋಡ್ರಿ."

ಆಶಾರಾಣಿ ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಮಾಡಲಿಲ್ಲ. ಹಳೆಯ ಗೋಡೆ, ಎಂದಾದರೂ ಬೀಳಲೇಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಸಭೆಯಲ್ಲಿ ತಾನು ಆ ಮಾತು ಹೇಳಿದ್ದು ಯಾವ ಹೊತ್ತಿಗೆ ಎಂದು ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಳು.

ಯುಗಾದಿ ಕಳೆದು ಶೆಡ್ಡಿಗೆ ಹೊಸ ತಗಡು ಬಂತು. ಚರಂಡಿಯ ಕೆಲಸವೂ ಅರ್ಧ ಮುಗಿದಿತ್ತು. ಹೋದವರಲ್ಲಿ ಮೊದಲು ಹಿಂತಿರುಗಿದ್ದು ಗುಡ್ಡಪ್ಪನ ಸಂಸಾರ. ಅವರನ್ನು ಕಾಣಲು ಆಶಾರಾಣಿ ದಾವಣಗೆರೆಯಿಂದ ಬೆಳಿಗ್ಗೆಯೇ ಬಂದಿದ್ದಳು. ಲಗೇಜ್ ಆಟೋ ಕೇರಿಯ ಬಾಯಲ್ಲಿ ನಿಂತಿತು. ಏಕನಾಥಮ್ಮ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಗುಡ್ಡಪ್ಪನ ಅಂಗೈ ಮೇಲಿಟ್ಟಳು. ಮೋನಿಕಾಳ ಕೆನ್ನೆ ಮುಟ್ಟಲು ಕೈ ಎತ್ತಿದವಳು, ಅಷ್ಟು ಎತ್ತರದ ಹುಡುಗಿಯನ್ನು ನೋಡಿ ಗುರುತು ಸಿಗದವಳಂತೆ ಕೈ ಇಳಿಸಿದಳು. ಆಮೇಲೆ ತನ್ನ ಜಗಲಿಗೆ ಹೋಗಿ ಆಚೆ ಮುಖ ಮಾಡಿ ಕುಳಿತಳು.

ಮನೆಯೊಳಗೆ ನೆಲ ಹೊಳೆಯುತ್ತಿತ್ತು. ಪಾತ್ರೆಗಳನ್ನು ತೊಳೆದು ಮಗುಚಿಟ್ಟಿದ್ದರು. ಗುಡ್ಡಪ್ಪ ಟ್ರಂಕು ಹೊತ್ತು ನಡುಮನೆಗೆ ಹೋಗಲಿದ್ದ.

"ಅಲ್ಲಿ ಬ್ಯಾಡ" ಎಂದಳು ಯಶೋದಾ, ತಗ್ಗಿದ ದನಿಯಲ್ಲಿ. "ಈ ಕಡೆ ಇಡ್ರಿ."

ಅವನು ಯಾಕೆಂದು ಕೇಳಲಿಲ್ಲ. ಟ್ರಂಕು, ಚೀಲ, ಗ್ಯಾಸಿನ ಸಿಲಿಂಡರು ಎಲ್ಲ ಬಾಗಿಲ ಪಕ್ಕದ ಗೋಡೆಗೆ ಒರಗಿದವು. ಮೋನಿಕಾ ಅಲ್ಲೇ ಒಂದು ಚಾಪೆ ಹಾಸಿದಳು. ಮೂವರೂ ಗೋಡೆಗೆ ಬೆನ್ನು ಕೊಟ್ಟು ಒತ್ತಿಕೊಂಡು ಕುಳಿತರು, ನೆಂಟರ ಮನೆಗೆ ಹೋದವರು ಮನೆಯವರು ನೀರು ತರಲೆಂದು ಕಾಯುವ ಹಾಗೆ. ಬಾಗಿಲಲ್ಲಿ ನಿಂತಿದ್ದ ಆಶಾರಾಣಿಗೂ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ನಡುಮನೆಯ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು.

ಸ್ವಲ್ಪ ಹೊತ್ತಾದ ಮೇಲೆ ಯಶೋದಾ ಮುಂದೆ ಚಾಚಿದ್ದ ಕಾಲುಗಳನ್ನು ಮಡಚಿಕೊಂಡು, ಸೀರೆಯ ನೆರಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಳಗಿನವರು ಯಾರೋ ದಾಟಿಹೋಗಲೆಂಬಂತೆ ದಾರಿ ಬಿಟ್ಟಳು.