ಮುಟ್ಟುವ ಮುನ್ನ

ಸೈಕಾಲ್ ಬೆಚ್ಚಗಿನ ನೀರಿನ ಹೂಜಿಯನ್ನು ಬಾಗಿಸುತ್ತ, "ಬುರ್ಮಾಕಾನ್ ಎಜೆ, ನಾನು ಸೈಕಾಲ್. ಈಗ ನಿಮ್ಮ ಎಡಗೈ ತೊಳೀತೀನಿ," ಎಂದಳು.

ಹೆಣ ತೊಳೆಯಲು ಕೂತಿದ್ದ ಉಳಿದ ನಾಲ್ವರು ಹೆಂಗಸರ ಕೈ ನಿಂತಿತು.

"ಏನೇ ಹುಡುಗಿ, ತಲೆ ನೆಟ್ಟಗಿದ್ಯಾ?" ಸತ್ತವಳ ನಾದಿನಿ ಜೂರಾಕಾನ್ ಗದರಿದಳು. "ಹೆಣದ ಹತ್ರ ಯಾರಾದ್ರೂ ಮಾತಾಡ್ತಾರಾ? ದೇವರ ಹೆಸರು ಹೇಳಿ ನೀರು ಹುಯ್ಯಿ."

"ಹೇಳದೆ ಮುಟ್ಟೋಕೆ ನನ್ನ ಕೈಲಿ ಆಗಲ್ಲ, ಎಜೆ." ಹಿರಿಯ ಹೆಂಗಸರೆಲ್ಲ ಅವಳಿಗೆ ಎಜೆ, ಅಂದರೆ ಅಕ್ಕ.

"ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರಿಲ್ಲ. ಎಲ್ಲರೂ ಗೋಳಾಡ್ತಾ ಬಂದ್ರೆ ನೀನು ಬಸ್ಸಿಗೆ ಕಾಯೋಳ ಥರ ನಿಂತಿದ್ದೆ. ಈಗ ಮಾತು ಬೇರೆ!"

ಸೈಕಾಲ್ ಎಡಗೈಯ ಮೇಲೆ ನೀರು ಹುಯ್ದಳು. ಸತ್ತವಳು ನರ್ಸಾಗಿದ್ದ ಆಸ್ಪತ್ರೆಯ ಕಡೆಯಿಂದಲೂ ಒಬ್ಬರಿರಲಿ ಎಂದು ಹಿರಿಯರೇ ಅವಳನ್ನು ಕರೆದಿದ್ದರು. ಅಳು ಬರುತ್ತದೆಂದು ಅವಳೂ ಕಾದಿದ್ದಳು. ಬಂದಿರಲಿಲ್ಲ. ಹೆಣವಿಡಲು ಅಂಗಳದಲ್ಲಿ ಕಟ್ಟಿದ್ದ ಕಂಬಳಿ ಗುಡಾರದೊಳಗೇ, ಪರದೆಯಾಚೆ, ಬುರ್ಮಾಕಾನಳ ಮಗಳು ಕನಿಶಾಯ್ ಪದ್ಧತಿಯಂತೆ ಗೋಡೆಗೆ ಮುಖ ಮಾಡಿ ಶೋಕದ ಹಾಡು ಹೇಳಿಕೊಂಡು ಅಳುತ್ತಿದ್ದಳು. ಈ ಮಾತು ಕೇಳಿ ಅವಳ ದನಿ ನಿಂತುಹೋಯಿತು.

* * *

ಮೂರು ತಿಂಗಳ ಹಿಂದೆ, ತೀವ್ರ ನಿಗಾ ವಾರ್ಡಿಗೆ ಕಲಿಯಲು ಬಂದ ಮೊದಲ ದಿನ ಬುರ್ಮಾಕಾನ್ ಸೈಕಾಲಳ ಕೈಗೆ ಸೂಜಿ ಕೊಡಲಿಲ್ಲ, ಯಂತ್ರ ತೋರಿಸಲಿಲ್ಲ. ಖಾಲಿ ಮಂಚ ತೋರಿಸಿ, "ಮಲಗು. ಕಣ್ಣು ಮುಚ್ಚು," ಎಂದಳು.

ಸೈಕಾಲ್ ಮಲಗಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ತಟ್ಟನೆ ಎರಡು ತಣ್ಣನೆಯ ಕೈಗಳು ಅವಳ ಹೆಗಲು, ಸೊಂಟ ಹಿಡಿದು ಮಗ್ಗುಲಿಗೆ ಹೊರಳಿಸಿದವು. ಅವಳು ಚೀರಿ ಎದ್ದು ಕೂತಳು.

"ಹೆದರಿದ್ಯಾ?"

"ಹೂಂ."

"ನೀನಾದ್ರೂ ಕಿರುಚಿದೆ. ಇಲ್ಲಿ ಮಲಗಿರೋರಿಗೆ ಅದೂ ಆಗಲ್ಲ. ಮೊದಲು ಹೆಸರು ಹೇಳು, ಏನ್ಮಾಡ್ತೀಯ ಹೇಳು, ಆಮೇಲೆ ಮುಟ್ಟು."

"ಪ್ರಜ್ಞೆ ಇಲ್ಲದೋರಿಗೆ ಕೇಳಿಸುತ್ತಾ, ಎಜೆ?"

"ಮೂವತ್ತೊಂದು ವರ್ಷ ಆಯ್ತು. ನನಗಿನ್ನೂ ಗೊತ್ತಿಲ್ಲ. ಏಳು, ಹಾಸಿಗೆ ಸರಿ ಮಾಡು."

* * *

ಪ್ರಾರ್ಥನೆ ಮುಗಿದು ಗಂಡಸರು ಹೆಣ ಹೊತ್ತು ಗುಡ್ಡದ ಕಡೆ ಹೋದರು. ಗುಡಾರದಲ್ಲಿ ಹೆಂಗಸರಷ್ಟೇ ಉಳಿದರು. ಜೂರಾಕಾನ್ ಉಳಿದವರನ್ನು ಕರೆದುಕೊಂಡು ಮಾಂಸ ಬೇಯುತ್ತಿದ್ದ ಹಂಡೆಯ ಹತ್ತಿರ ಹೋದಳು. ಕನಿಶಾಯ್ ಸೈಕಾಲಳ ಪಕ್ಕಕ್ಕೆ ಬಂದು ಕೂತಳು. ಅತ್ತೂ ಅತ್ತೂ ಗಂಟಲು ಕಟ್ಟಿತ್ತು.

"ಅಮ್ಮನ ಹತ್ರ ಮಾತಾಡಿದ್ದು ನೀನೇನಾ?"

"ನಾನೇ."

"ನನಗೆ ಫೋನ್ ಮಾಡಿದ್ರೆ ಮೂರೇ ಮಾತು. ಉಂಡ್ಯಾ, ಚಳಿ ಇದ್ಯಾ, ಇಡ್ತೀನಿ. ನಿಮಗೆಲ್ಲ ಕಲಿಸೋಕೆ ಮಾತ್ರ ಅವಳಿಗೆ ಹೊತ್ತಿತ್ತು."

"ಕಲಿಸಿದ್ದಕ್ಕಿಂತ ಬೈದಿದ್ದೇ ಜಾಸ್ತಿ."

ಕನಿಶಾಯ್ ನಗಲು ಹೋದಳು, ಆಗಲಿಲ್ಲ. "ಕೊನೆಗೆ ಏನಾದ್ರೂ ಹೇಳಿದ್ಲಾ? ನನ್ನ ಹೆಸರು?"

ಪಾಳಿ ಮುಗಿಸಿ ಕೋಟು ಹಾಕಿಕೊಳ್ಳುವಾಗಲೇ ಬುರ್ಮಾಕಾನಳ ಮಿದುಳಿನ ರಕ್ತನಾಳ ಒಡೆದಿತ್ತು. ತನ್ನದೇ ವಾರ್ಡಿನ ನಾಲ್ಕನೇ ಮಂಚದಲ್ಲಿ ಎರಡು ದಿನ ಇದ್ದಳು. ನಿಮ್ಮ ಹೆಸರು ಹೇಳಿದರು, ನಿಮ್ಮನ್ನು ಕರೆದರು ಎನ್ನುವುದು ಸೈಕಾಲಳಿಗೆ ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ. ಗಂಟಲಲ್ಲಿ ಉಸಿರಾಟದ ನಳಿಗೆ ಇತ್ತು. ಎಚ್ಚರ ಆಗ್ಲೇ ಇಲ್ಲ."

"ಹಂಗಾದ್ರೆ ಒಬ್ಬಳೇ ಹೋದ್ಲು."

"ಒಬ್ಬರೇ ಇರ್ಲಿಲ್ಲ. ನಾನಿದ್ದೆ. ಈಗ ಮಗ್ಗುಲು ಬದಲಾಯಿಸ್ತೀನಿ, ಈಗ ತುಟಿ ಒರೆಸ್ತೀನಿ ಅಂತ ಹೇಳ್ತಾನೇ ಇದ್ದೆ. ನಿಮ್ಮ ಮಗಳು ಬಿಷ್ಕೆಕ್ ಬಿಟ್ಟಿದ್ದಾರೆ ಅಂದೆ. ದೊಲೊನ್ ಘಾಟಿಯಲ್ಲಿ ಹಿಮ ಬಿದ್ದಿದೆ, ಕಾರು ನಿಧಾನ ಅಂದೆ. ಘಾಟಿ ದಾಟಿದ್ರು ಅಂದೆ."

"ಅವಳು ಹೋಗಿದ್ದು?"

"ಅದಾಗಿ ಕಾಲು ಗಂಟೆಗೆ."

"ದಾಟಿದ್ದು ಅವಳಿಗೆ ಕೇಳಿಸ್ತಾ?"

"ಗೊತ್ತಿಲ್ಲ, ಎಜೆ."

ಕನಿಶಾಯ್ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಹಾಗೇ ವಾಲಿ ಸೈಕಾಲಳ ತೊಡೆಯ ಮೇಲೆ ತಲೆಯಿಟ್ಟಳು. ಇಟ್ಟ ಗಳಿಗೆಯಲ್ಲೇ ನಿದ್ದೆ ಹತ್ತಿತು.

ಜೂರಾಕಾನ್ ಮಾಂಸದ ತಟ್ಟೆ ಹಿಡಿದು ಬಂದಾಗ ಸೈಕಾಲ್ ಅಲ್ಲಾಡದೆ ಕೂತಿದ್ದಳು. ಅವಳ ಮೂರು ಬೆರಳು ಮಲಗಿದವಳ ಮಣಿಕಟ್ಟಿನ ಮೇಲಿದ್ದವು. ಕಣ್ಣು ಎಲ್ಲೋ ನೆಟ್ಟಿತ್ತು, ತುಟಿ ಸದ್ದಿಲ್ಲದೆ ಆಡುತ್ತಿತ್ತು: ನಲವತ್ತೊಂದು, ನಲವತ್ತೆರಡು, ನಲವತ್ತಮೂರು...

ಹುಡುಗಿ ಪ್ರಾರ್ಥಿಸುತ್ತಿದ್ದಾಳೆಂದುಕೊಂಡ ಜೂರಾಕಾನ್ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಎದುರಿಗೆ ಕೂತಳು. ತಾನೂ ಪ್ರಾರ್ಥನೆಗೆ ಎರಡು ಅಂಗೈ ಬಿಚ್ಚಿ ಮೇಲಕ್ಕೆ ಹಿಡಿದಳು.