ಗೆರಟೆಯ ಕುದುರೆ

ಸೋಮವಾರದ ಸಿನೆಮಾದಲ್ಲಿ ಗುಂಡೇಟು ತಿಂದು ಸತ್ತವನು ಬುಧವಾರದ ಸಿನೆಮಾದಲ್ಲಿ ಹೆಂಡದಂಗಡಿಯ ಕೌಂಟರಿನ ಹಿಂದೆ ನಿಂತು ಆರಾಮಾಗಿ ಗ್ಲಾಸು ಒರೆಸುತ್ತಿದ್ದ. ಕಮಲಾಕ್ಷ ಚಿತ್ರವನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಓಡಿಸಿ, ಮತ್ತೊಮ್ಮೆ ನೋಡಿದ. ಅದೇ ಮೀಸೆ, ಅದೇ ಸೊಟ್ಟ ಮೂಗು. ಇವರಿಗೆ ಸಾವು ಅಂದರೆ ಒಂದು ದಿನದ ರಜೆ ಅಂತ ಕಾಣುತ್ತದೆ ಎಂದುಕೊಂಡ. ಹಿಂದಿನ ಕಮಲಾಕ್ಷನಾಗಿದ್ದರೆ ಇಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕು, ಮನೆಗೆ ಫೋನು ಮಾಡಿ ಹೆಂಡತಿಗೆ ಹೇಳುತ್ತಿದ್ದ. ಈಗಿನವನು ಪೆನ್ನು ತೆಗೆದು ದೃಶ್ಯದ ನಂಬರು ಬರೆದುಕೊಂಡು ಮುಂದೆ ಹೋದ.

ಅವನು ಕೆಲಸ ಮಾಡುವುದು ಗಲ್ಫಿನ ಶುವೈಖ್‌ನಲ್ಲಿ, ಟಯರ್ ಗೋದಾಮಿನ ಮೇಲಿನ ಮಹಡಿಯ ಒಂದು ಡಬ್ಬಿಂಗ್ ಸ್ಟುಡಿಯೊದಲ್ಲಿ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಯ ಸೌಂಡ್ ಎಂಜಿನಿಯರ್. ಈ ಸಲ ಒಂದು ಟಿವಿ ಚಾನೆಲ್ಲಿಗಾಗಿ ಹನ್ನೆರಡು ಹಳೆಯ ಕೌಬಾಯ್ ಸಿನೆಮಾಗಳನ್ನು ಅರಬ್ಬಿಗೆ ಡಬ್ ಮಾಡಬೇಕಿತ್ತು. ಎಲ್ಲವೂ ತೊಂಬತ್ತು ವರ್ಷ ಹಿಂದಿನವು, ಹಾಲಿವುಡ್ಡಿನ ಸಿನೆಮಾಕ್ಕೆ ಆಗಷ್ಟೇ ಮಾತು ಬಂದಿದ್ದ ಕಾಲದವು. ದೊಡ್ಡವರು ಮಾಡಿದ್ದಲ್ಲ, ಬಡ ಕಂಪನಿಗಳು ಐದಾರು ದಿನದಲ್ಲಿ ಗಡಿಬಿಡಿಯಿಂದ ಮುಗಿಸಿ ಸಣ್ಣ ಊರುಗಳ ಥಿಯೇಟರಿಗೆ ಸಾಗಹಾಕಿದ ಸರಕು. ಹನ್ನೆರಡರಲ್ಲೂ ಅದೇ ಬಂಡೆ, ಅದೇ ತಿರುವು. ನಾಲ್ಕು ಸಿನೆಮಾಗಳಲ್ಲಿ ಒಂದೇ ಕುದುರೆಗಾಡಿ ಒಂದೇ ಕಡೆ ಮಗುಚಿ ಬೀಳುತ್ತಿತ್ತು. ಇನ್ನೊಂದು ಗಾಡಿ ಉರುಳಿಸಲು ಗತಿಯಿಲ್ಲದವರು ಯಾವುದೋ ಮೂಕಿಚಿತ್ರದ ತುಂಡನ್ನೇ ತಂದು ಅಂಟಿಸಿದ್ದರು. ಹೀರೊ ಎಷ್ಟೇ ಹೊಡೆದಾಡಿದರೂ ತಲೆಯ ಟೊಪ್ಪಿ ಅಲುಗುತ್ತಿರಲಿಲ್ಲ. ಕೊನೆಯಲ್ಲಿ ಅವನು ಕುದುರೆ ಹತ್ತಿ ಹೊರಟುಹೋಗುತ್ತಿದ್ದ, ಹುಡುಗಿ ಬೇಲಿ ಹಿಡಿದುಕೊಂಡು ನಿಲ್ಲುತ್ತಿದ್ದಳು.

ತೊಂದರೆ ಇದ್ದದ್ದು ಕುದುರೆಗಳದ್ದು. ಈಗಿನ ಸಿನೆಮಾಗಳಲ್ಲಿ ಮಾತು ಬೇರೆ, ಸಂಗೀತ ಬೇರೆ, ಸದ್ದು ಬೇರೆಯಾಗಿ ಬರುತ್ತದೆ. ಮಾತನ್ನಷ್ಟೇ ತೆಗೆದು ಅರಬ್ಬಿಯನ್ನು ಕೂರಿಸಿದರಾಯಿತು. ಇವುಗಳಲ್ಲಿ ಎಲ್ಲವೂ ಒಂದೇ ಧ್ವನಿಪಟ್ಟಿಯಲ್ಲಿ ಕಲಸಿಹೋಗಿತ್ತು. ಇಂಗ್ಲಿಷ್ ಮಾತು ತೆಗೆದರೆ ಜೊತೆಗೆ ಬಾಗಿಲಿನ ಕಿರುಗುಟ್ಟುವಿಕೆಯೂ ಗೊರಸಿನ ಟಕಟಕವೂ ಹೋಗುತ್ತಿದ್ದವು. ಪರದೆ ತುಂಬ ಕುದುರೆಗಳು ಧೂಳೆಬ್ಬಿಸಿಕೊಂಡು ಓಡುತ್ತಿದ್ದವು, ಒಂದು ಚೂರೂ ಸದ್ದಿಲ್ಲದೆ. ಫೆಬ್ರವರಿಯಿಂದ ಈಚೆಗೆ ಕಮಲಾಕ್ಷನಿಗೆ ರಸ್ತೆ, ಮನೆ, ಜನ ಎಲ್ಲವೂ ಹಾಗೆಯೇ ಕಾಣುತ್ತಿದ್ದುದರಿಂದ ಅದು ವಿಚಿತ್ರ ಅನಿಸಲಿಲ್ಲ.

ಕಂಪ್ಯೂಟರಿನಲ್ಲಿದ್ದ ರೆಡಿಮೇಡ್ ಕುದುರೆ ಸದ್ದು ಹಾಕಿ ಕೇಳಿಸಿದಾಗ ಮಾಲೀಕ ಅಬೂ ಫಹದ್ ಮುಖ ಹುಳ್ಳಗೆ ಮಾಡಿಕೊಂಡ. ಚಿಕ್ಕವನಿದ್ದಾಗ ಅಜ್ಜನ ಹಜಾರದ ಗೋಡೆಯ ಮೇಲೆ ಪ್ರೊಜೆಕ್ಟರ್ ಹಾಕಿಸಿ ಇಂಥವೇ ಸಿನೆಮಾ ನೋಡಿದವನು ಅವನು.

"ಕಮಾಲ್ ಭಾಯಿ, ಇದು ಅಸಲಿ ಕುದುರೆ," ಎಂದ ಹಿಂದಿಯಲ್ಲಿ. "ನನಗೆ ಅಸಲಿ ಬೇಡ, ಸಿನೆಮಾದ ಕುದುರೆ ಬೇಕು. ಮುಂದಿನ ಗುರುವಾರಕ್ಕೆ ಮೊದಲ ಸಿನೆಮಾ ಕೊಡಬೇಕು. ಯಲ್ಲಾ, ಬೇಗ ಬೇಗ."

ಕಮಲಾಕ್ಷ ಹೆಡ್‌ಫೋನ್ ಹಾಕಿಕೊಂಡು ಮೂಲ ಸಿನೆಮಾದ ಗೊರಸಿನ ಸದ್ದನ್ನು ಹತ್ತು ಸಲ ಕೇಳಿದ. ಹನ್ನೊಂದನೆಯ ಸಲಕ್ಕೆ ಗುರುತು ಹತ್ತಿತು. ಮುಲ್ಕಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೆರಟೆ, ತೆಂಗಿನಕಾಯಿಯ ಬರಿ ಚಿಪ್ಪು. ಎರಡು ಗೆರಟೆಗಳನ್ನು ಬೋರಲು ಹಿಡಿದು ಮರಳಿನ ಮೇಲೆ ಕುಟ್ಟಿದ್ದಾರೆ, ಅಷ್ಟೇ. ಹಾಲಿವುಡ್ಡಿನಲ್ಲಿ ಆಗ ಕಾಯಿ ತುರಿದು ಪದಾರ್ಥ ಮಾಡಿ ಉಂಡವರು ಯಾರೋ ಗೊತ್ತಿಲ್ಲ, ಗೆರಟೆಯಂತೂ ಈ ಸಿನೆಮಾದವರ ಪಾಲಿಗೆ ಬಂದಿತ್ತು.

ಗೆರಟೆ ಎಲ್ಲಿ ಸಿಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಸಲ್ವಾದ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ, ಅಕ್ಕಿಯ ಖಾಲಿ ಚೀಲದೊಳಗೆ.

ಅವನ ಹೆಂಡತಿ ಆಶಾಲತಾಳಿಗೆ ಗೆರಟೆ ಬಿಸಾಡುವುದೆಂದರೆ ಆಗದು. ಅವಳ ತಾಯಿಮನೆಯಲ್ಲಿ ಬಚ್ಚಲ ಒಲೆಗೆ ಗೆರಟೆಯೇ ಬೆಂಕಿ. ಇಲ್ಲಿ ನಾಲ್ಕನೇ ಮಹಡಿಯಲ್ಲಿ ಒಲೆಯೂ ಇಲ್ಲ, ಬೇಸಗೆಯಲ್ಲಂತೂ ನಲ್ಲಿಯ ನೀರೇ ಮೈ ಸುಡುವಷ್ಟು ಬಿಸಿ. ಆದರೂ ಅವಳು ಗೆರಟೆ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ, ಒಂದೇ ಕಾಯಿಯ ಎರಡು ಹೋಳುಗಳನ್ನು ಜೋಡಿ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕೆ ಸೇರಿಸುತ್ತಿದ್ದಳು.

"ಇದನ್ನೆಲ್ಲ ಊರಿಗೆ ಕಾರ್ಗೊ ಮಾಡ್ಲಿಕ್ಕುಂಟಾ?" ಎಂದು ಕಮಲಾಕ್ಷ ಕಾಲೆಳೆಯುತ್ತಿದ್ದ.

"ಇರ್ಲಿ ಮಾರಾಯ್ರೆ, ಎಂತಕ್ಕಾದ್ರೂ ಆಗ್ತದೆ," ಎನ್ನುತ್ತಿದ್ದಳು ಅವಳು.

ಚೀಲ ತುಂಬಿತು, ಎಂತಕ್ಕೂ ಆಗಲಿಲ್ಲ. ಫೆಬ್ರವರಿಯ ಒಂದು ಶುಕ್ರವಾರ ದೊಡ್ಡದೊಂದು ಕಾಯಿ ಒಡೆದು, ಒಂದು ಹೋಳನ್ನು ತುರಿದು ಅದರ ಗೆರಟೆಯನ್ನು ಬಾಲ್ಕನಿಯಲ್ಲಿಟ್ಟು, ಇನ್ನೊಂದು ಹೋಳನ್ನು ಫ್ರೀಜರಿಗೆ ಹಾಕಿ, ತಲೆನೋವು ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ, ಆಮೇಲೆ ಕಾಗದಪತ್ರ, ಆಮೇಲೆ ವಿಮಾನ. ಊರಲ್ಲಿ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಅಪ್ಪ ಮಗಳು ವಾಪಸು ಬಂದಾಗ ಬಾಲ್ಕನಿಯಲ್ಲಿ ಗೆರಟೆ ಒಣಗಿ ಕೂತಿತ್ತು. ಮಗಳು ಅಶ್ಮಿತಾ ಅದನ್ನು ಎತ್ತಿ ಚೀಲಕ್ಕೆ ಹಾಕಿದಳು. ಫ್ರೀಜರಿನ ಹೋಳನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಅಳು ಬರುತ್ತದೆ ಎಂದು ಕಮಲಾಕ್ಷ ಕಾದ. ಸ್ಮಶಾನದಲ್ಲಿ ಬರಲಿಲ್ಲ, ಜನರ ಎದುರಲ್ಲವೇ, ಮನೆಗೆ ಹೋದ ಮೇಲೆ ಬರಬಹುದು ಎಂದುಕೊಂಡ. ಮನೆಯಲ್ಲಿ ಬರಲಿಲ್ಲ. ನಾಲ್ಕು ತಿಂಗಳು ಕಳೆದರೂ ಬರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದ, ಸಿಗ್ನಲ್ ಬಿದ್ದರೆ ಕಾರು ನಿಲ್ಲಿಸುತ್ತಿದ್ದ. ದುಃಖವಾದರೂ ಆಗಲಿ ಎಂದು ಅವಳ ಫೋಟೊ ತೆಗೆದು ನೋಡಿದರೆ ಫೋಟೊದಲ್ಲಿ ಅವಳಿದ್ದಳು, ಅಷ್ಟೇ.

ಇದರ ನಡುವೆ ಮಗಳ ಪ್ರಶ್ನೆ ಬಂದು ಕೂತಿತ್ತು. ಅಶ್ಮಿತಾಳಿಗೆ ಹದಿನೇಳು ತುಂಬಿ ಹನ್ನೆರಡನೆಯ ತರಗತಿ ಮುಗಿದಿತ್ತು. ಇಲ್ಲಿಯೇ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ಆಶಾಲತಾಳ ತಂಗಿ ಅಮಿತಾ ಸುರತ್ಕಲ್‌ನಿಂದ ದಿನಾ ಫೋನು ಮಾಡಿ, ತಾಯಿಯಿಲ್ಲದ ಹುಡುಗಿಯನ್ನು ನನ್ನ ಹತ್ತಿರ ಕಳಿಸಿ, ಇಲ್ಲಿ ಓದಲಿ ಎಂದು ಅಳುತ್ತಿದ್ದಳು. ಅಶ್ಮಿತಾಳ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಆಫೀಸಿನ ಸರಕಾರಿ ಕಾಗದಗಳನ್ನು ಓಡಾಡಿಸುವ ಮಂದೂಬ್, ರಿನ್ಯೂ ಮಾಡಬೇಕೋ ಕ್ಯಾನ್ಸಲ್ ಮಾಡಬೇಕೋ ಗುರುವಾರದೊಳಗೆ ಹೇಳಿ ಖಲಾಸ್ ಮಾಡಿ ಎಂದಿದ್ದ.

"ವಾಟ್ ಡು ಯು ವಾಂಟ್, ಪಪ್ಪ?" ಎಂದು ಅಶ್ಮಿತಾ ಕೇಳಿದ್ದಳು. ಮನೆಯವರು ತುಳುವಿನಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಅವಳು ಮಾತಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ.

"ನಿನ್ನಿಷ್ಟ ಮಗಾ," ಎಂದಿದ್ದ ಕಮಲಾಕ್ಷ. ಅವಳು ಹೋಗುವುದು ಅವನಿಗೆ ಬೇಡವಾಗಿತ್ತು. ಅದು ಅವನ ತಲೆಗೆ ಗೊತ್ತಿತ್ತು, ತಲೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಇಳಿಯದ ಮಾತನ್ನು ಹೇಗೆ ಆಡುವುದೆಂದು ತಿಳಿಯದೆ ಅವನು ಎರಡನೆಯ ಸಲವೂ ನಿನ್ನಿಷ್ಟ ಎಂದ.

ಭಾನುವಾರ ಬೆಳಿಗ್ಗೆ ಮಗಳು ಏಳುವ ಮೊದಲೇ ಅವನು ಸಿಂಕಿನ ಕೆಳಗಿನ ಬಾಗಿಲು ತೆರೆದು ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ. ಸ್ಟುಡಿಯೊದಲ್ಲಿ ಚಹಾ ಮಾಡುವ, ಬಾಗಿಲು ಕಾಯುವ, ಬೇಕಾದರೆ ಡ್ರೈವರೂ ಆಗುವ ಬಾವಾಕುಂಞಿ ಒಂದು ದೊಡ್ಡ ಟ್ರೇ ತುಂಬ ಮರಳು ತಂದಿಟ್ಟ. ಮರಳಿಗೆ ಇಲ್ಲೇನು ಬರ.

"ಎಂತ ಕಮಲಣ್ಣ, ಪದಾರ್ಥ ಇಲ್ಲ, ಬರೀ ಗೆರಟೆ?" ಎಂದ ಅವನು. ತಾನೇ ಹಣ್ಣಾದ ಮುದುಕನಾಗಿದ್ದರೂ ಅವನಿಗೆ ಎಲ್ಲರೂ ಅಣ್ಣಂದಿರೇ.

ಕೆಳಗಿನ ಗ್ಯಾರೇಜುಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚುವುದರಿಂದ ರೆಕಾರ್ಡಿಂಗ್ ಆ ಹೊತ್ತಿನಲ್ಲೇ. ಕಮಲಾಕ್ಷ ಮೈಕಿನ ಮುಂದೆ ಮಂಡಿಯೂರಿ, ಪರದೆ ನೋಡುತ್ತ ಕುಟ್ಟಿದ. ಸಣ್ಣ ಗೆರಟೆಗೆ ಹೆಣ್ಣುಮಕ್ಕಳ ಕುದುರೆ, ದಪ್ಪನೆಯವಕ್ಕೆ ಕಳ್ಳರ ಕುದುರೆ. ಎರಡು ದಿನದಲ್ಲಿ ಸಿನೆಮಾ ಹೆಚ್ಚುಕಡಿಮೆ ಮುಗಿಯಿತು. ಉಳಿದದ್ದು ಹೀರೊನ ಬಿಳಿಕುದುರೆ. ಅದಕ್ಕೆ ಒಪ್ಪುವ ಗಂಭೀರ ಸದ್ದು ಇದ್ದದ್ದು ಚೀಲದ ಅತಿ ದೊಡ್ಡ ಗೆರಟೆಗೆ. ಅದೊಂದಕ್ಕೆ ಮಾತ್ರ ಜೋಡಿಯಿರಲಿಲ್ಲ. ಬೇರೆ ಹೋಳಿನ ಜೊತೆ ಸೇರಿಸಿ ಕುಟ್ಟಿದರೆ ಕುದುರೆ ಕುಂಟುತ್ತಿತ್ತು. ಜೋಡಿ ಎಲ್ಲಿದೆಯೆಂದು ಗೊತ್ತಿದ್ದೂ ಅವನು ಗೆರಟೆಯನ್ನು ಮೇಜಿನ ಮೇಲಿಟ್ಟು ಎದ್ದ.

ಸೋಮವಾರ ಸಂಜೆ ಮನೆಗೆ ಬಂದರೆ ಅಶ್ಮಿತಾ ಸಿಂಕಿನ ಕೆಳಗಿನ ತೆರೆದ ಬಾಗಿಲೆದುರು ನೆಲದಲ್ಲಿ ಕೂತಿದ್ದಳು.

"ವೇರ್ ಈಸ್ ದ ಬ್ಯಾಗ್?"

"ಸ್ಟುಡಿಯೊದಲ್ಲಿ ಉಂಟು. ಕುದುರೆ ಸೌಂಡ್ ಮಾಡ್ಲಿಕ್ಕೆ ಬೇಕಾಯ್ತು."

"ಅಮ್ಮನ ಬ್ಯಾಗ್ ಅದು. ಯು ಜಸ್ಟ್ ಟುಕ್ ಇಟ್. ನಿಮ್ಗೆ ಏನೂ ಅನ್ಸಿಲ್ವಾ?"

ಸುಳ್ಳು ಹೇಳಬಹುದಿತ್ತು. ಸುಳ್ಳಿಗೂ ಸ್ವಲ್ಪ ಚೈತನ್ಯ ಬೇಕು, ಅವನಲ್ಲಿ ಅದೂ ಇರಲಿಲ್ಲ.

"ಇಲ್ಲ ಅಶ್ಮಿ. ಎತ್ತುವಾಗ ಚೀಲ ಭಾರ ಉಂಟು ಅಂತ ಅನ್ಸಿತು, ಅಷ್ಟೇ. ನನ್ಗೆ ಅದೇ ಹೆದ್ರಿಕೆ."

ಕೊನೆಯ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. "ಅಮಿತಾ ಆಂಟಿ ಅಟ್‌ಲೀಸ್ಟ್ ಅಳ್ತಾರೆ," ಎಂದು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಕಮಲಾಕ್ಷ ಮತ್ತೆ ಆ ಕುಂಟು ಕುದುರೆಯೊಂದಿಗೆ ಹೆಣಗುತ್ತಿದ್ದ. ಕೊನೆಯ ದೃಶ್ಯ. ಹೀರೊ ಕುದುರೆ ಹತ್ತಿದ್ದ, ಹುಡುಗಿ ಬೇಲಿ ಹಿಡಿದಿದ್ದಳು. ಬಾವಾಕುಂಞಿ ಬಾಗಿಲು ತೆರೆದು, "ಕಮಲಣ್ಣ, ಮಗಳು ಬಂದಿದ್ದಾಳೆ, ಟ್ಯಾಕ್ಸಿಯಲ್ಲಿ," ಎಂದು ಹೇಳಿ ಚಹಾ ಮಾಡಲು ಹೋದ. ಅಶ್ಮಿತಾ ಬಿಸಿಲಿಗೆ ಕೆಂಪಗಾಗಿದ್ದಳು. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು. ಬ್ಯಾಗಿನಿಂದ ಒಂದು ಗೆರಟೆ ತೆಗೆದು ಮೇಜಿನ ಮೇಲಿಟ್ಟಳು.

"ಫ್ರೀಜರ್‌ನಲ್ಲಿ ಇದ್ದದ್ದು," ಎಂದಳು. "ಬ್ಯಾಗ್‌ಗೆ ನಾನು ಹಾಕಿದ್ದು ಒಂದೇ ಹೋಳು. ನಿಮ್ಗೆ ಪೇರ್ ಬೇಕಲ್ವಾ. ತುರಿದು ಚಟ್ನಿ ಮಾಡಿದೆ. ಇಟ್ ವಾಸ್ ಹಾರಿಬಲ್. ಆದ್ರೂ ಎಲ್ಲ ತಿಂದೆ."

ಕಮಲಾಕ್ಷ ಗೆರಟೆಯನ್ನು ಕೈಗೆ ತೆಗೆದುಕೊಂಡ. ಒಳಗೆ ಅಲ್ಲಲ್ಲಿ ಬಿಳಿ ಉಳಿದಿತ್ತು. ಆಶಾಲತಾ ಹೀಗೆ ಬಿಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಗಲ್ಫಿನಲ್ಲಿದ್ದವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಊರಿಗೆ ಹೊರಟವರು ಮೊದಲು ಖಾಲಿ ಮಾಡುವುದು ಫ್ರೀಜರನ್ನು. ಪಕ್ಕದ ಮನೆಯವರು ಹೆಪ್ಪುಗಟ್ಟಿದ ಮೀನಿನ ಪೊಟ್ಟಣ ಹಿಡಿದು ಬಾಗಿಲು ತಟ್ಟಿದರೆ, ಅವರು ಹೋಗುತ್ತಾರೆ ಎಂದೇ ಲೆಕ್ಕ. ಹಾಗಾದರೆ ಇವಳು ಹೋಗುತ್ತಾಳೆ.

"ಇನ್ನೂ ಹಸಿ ಉಂಟು," ಎಂದ. "ಹಸಿ ಗೆರಟೆ ಸೌಂಡ್ ಕೊಡುದಿಲ್ಲ. ಒಣಗ್ಬೇಕು."

"ಎಷ್ಟು ದಿನ?"

"ನಾಲ್ಕೈದು ದಿನ. ಒಣಗುವ ತನಕ ಇರು."

ಅಶ್ಮಿತಾ ಕಿಟಕಿಯ ಹೊರಗೆ ನೋಡಿದಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಪಪ್ಪ, ಹೊರಗೆ ಫಾರ್ಟಿ ಎಯ್ಟ್ ಡಿಗ್ರಿ. ಇವತ್ತು ಸಂಜೆಗೇ ಒಣಗ್ತದೆ."

ನಿಜವೇ. ಅವನ ಹತ್ತಿರ ಇನ್ನೊಂದು ನೆಪವಿರಲಿಲ್ಲ. ಪರದೆಯ ಮೇಲೆ ಹೀರೊ ಲಗಾಮು ಹಿಡಿದು ನಿಂತೇ ಇದ್ದ, ಇವನು ಬಟನ್ ಒತ್ತುವುದನ್ನೇ ಕಾಯುತ್ತ.

"ಒಣಗಿದ ಮೇಲೂ ಇರು," ಎಂದ ಕಮಲಾಕ್ಷ.

ಅಶ್ಮಿತಾ ತಿರುಗಿದಳು. "ಯಾಕೆ?"

"ನನ್ಗೆ ಬೇಕು. ನೀನು ಇರ್ಬೇಕು. ಹೋಗ್ಬೇಡ ಅಶ್ಮಿ."

ಮೈಕು ಆನ್ ಇತ್ತು. ಹೆಡ್‌ಫೋನ್ ಕಿವಿಯ ಮೇಲೆಯೇ ಇತ್ತು. ತನ್ನ ದನಿ ತನಗೇ ಕೇಳಿಸಿತು. ಹತ್ತೊಂಬತ್ತು ವರ್ಷ ಬೇರೆಯವರ ದನಿಗಳಲ್ಲಿ ತಪ್ಪು ಹುಡುಕಿದ ಕಿವಿಗೆ ಇದರ ತಪ್ಪು ತಕ್ಷಣ ಸಿಕ್ಕಿತು. 'ಹೋಗ್ಬೇಡ' ಎಂಬಲ್ಲಿ ದನಿ ನಡುಗಿತ್ತು. ಎದೆಯಲ್ಲಿ ಅವನಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ಕಿವಿಗೆ ಮೊದಲು ಗೊತ್ತಾಯಿತು. ಹಾಗಾದರೆ ಒಳಗೆ ಎಲ್ಲೋ ಇದೆ ಎಂದುಕೊಂಡ, ಮತ್ತು ಅವನಿಗೆ ಭಯವಾಯಿತು, ಭಯವಾದದ್ದಕ್ಕೆ ಸಮಾಧಾನವೂ ಆಯಿತು.

ಅಶ್ಮಿತಾ ಅವನ ಕೈಯಿಂದ ಗೆರಟೆ ತೆಗೆದುಕೊಂಡು, ಕಿಟಕಿ ಸರಿಸಿ, ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಮರಳಿನ ಟ್ರೇಯ ಪಕ್ಕ ಕೂತು ಮುಖ ಕೆಳಗೆ ಹಾಕಿದಳು.

"ಮಂದೂಬ್‌ಗೆ ಫೋನ್ ಮಾಡಿ," ಎಂದಳು. "ರಿನ್ಯೂ ಅಂತ ಹೇಳಿ."

ಕಮಲಾಕ್ಷ ಫೋನು ಕೈಗೆತ್ತಿಕೊಂಡ, ಹೆಡ್‌ಫೋನ್ ತೆಗೆಯಲಿಲ್ಲ. ಮೈಕಿನ ಹತ್ತಿರ ಮಗಳು ಸದ್ದಾಗದಂತೆ ಮೂಗೊರೆಸಿಕೊಳ್ಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅವನಿಗೆ ಸರಿಯಾಗಿ ಕೇಳಿಸಿದ ಮೊದಲ ಸದ್ದು ಅದು.